ಭಿನ್ನರಾಶಿಯಿಲ್ಲದ ಬಡ್ಡಿ

1990ರ ದಶಕದ ಸಾಕ್ಷರತಾ ಆಂದೋಲನವನ್ನು ನೆನೆದು ಬರೆಯುವವರೆಲ್ಲ ಒಂದು ಮಾತನ್ನು ಪ್ರಶ್ನೆಯೇ ಇಲ್ಲದೆ ಒಪ್ಪಿಬಿಟ್ಟಿದ್ದಾರೆ: ಅದು ಜನರೇ ನಡೆಸಿದ ಚಳವಳಿ, ಅದರಿಂದ ಹಳ್ಳಿಯ ಹೆಣ್ಣುಮಕ್ಕಳು ಸಬಲರಾದರು. ಜಾಥಾ, ಬೀದಿನಾಟಕ, ಹಾಡು, ರಾತ್ರಿ ತರಗತಿಗಳ ವರ್ಣನೆ ಮುಗಿಯುವ ಹೊತ್ತಿಗೆ ಓದುಗರೂ ತಲೆದೂಗಿರುತ್ತಾರೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಬದುಕನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕೀರ್ತಿ ಉಬ್ಬಿದ್ದು ಎಂದೇ ನನಗೆ ಅನ್ನಿಸುತ್ತದೆ. ಬೀದಿಯಲ್ಲಿದ್ದಷ್ಟು ಹೊತ್ತು ಆಂದೋಲನ ಜನರದಾಗಿತ್ತು. ತರಗತಿಯೊಳಗೆ ಕಾಲಿಟ್ಟ ಕೂಡಲೇ ಅದು ಪ್ರೈಮರ್ ಎಂಬ ಅಕ್ಷರಪಾಠದ ಪುಸ್ತಕದ ಪಾಲಾಯಿತು.

1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, 1990ರಲ್ಲಿ ಪೂರ್ಣ ಸಾಕ್ಷರವೆಂದು ಘೋಷಿತವಾದ ಕೇರಳದ ಎರ್ನಾಕುಳಂ ಜಿಲ್ಲೆ, ಅದೇ ವರ್ಷದ ಭಾರತ ಜ್ಞಾನ ವಿಜ್ಞಾನ ಜಾಥಾ, ಆಮೇಲೆ ದಕ್ಷಿಣ ಕನ್ನಡದಿಂದ ಹಿಡಿದು ಒಂದೊಂದೇ ಜಿಲ್ಲೆಗೆ ಹಬ್ಬಿದ ಆಂದೋಲನದ ಕಥೆ ಎಲ್ಲರಿಗೂ ಗೊತ್ತಿರುವುದೇ. ಆದದ್ದನ್ನು ಇಲ್ಲವೆನ್ನಲಾಗದು. ಕೂಲಿ ಮುಗಿಸಿ, ಒಲೆ ಆರಿಸಿ, ರಾತ್ರಿ ಎಂಟು ಗಂಟೆಗೆ ಹೆಂಗಸರು ಮನೆಯಿಂದ ಹೊರಗೆ ಬಂದು ಒಂದು ಕಡೆ ಕೂತರು. ಅದು ಸಣ್ಣ ಸಂಗತಿಯಲ್ಲ. ಆದರೆ ಸಾಧನೆಗೆ ಸಾಕ್ಷಿಯಾಗಿ ಜನಗಣತಿಯನ್ನು ತೋರಿಸುವುದು ಸರಿಯಲ್ಲ. ಮಂಡ್ಯ ಜಿಲ್ಲೆಯ ಸಾಕ್ಷರತೆ 2001ರಲ್ಲಿ ಶೇ. 61 ಇದ್ದದ್ದು 2011ಕ್ಕೆ ಶೇ. 70 ಆಯಿತು, ಮಹಿಳೆಯರದು ಸುಮಾರು 51ರಿಂದ 62ಕ್ಕೆ ಏರಿತು. ಜನಗಣತಿ ಏಳು ವರ್ಷ ದಾಟಿದ ಎಲ್ಲರನ್ನೂ ಎಣಿಸುತ್ತದೆ. ಆ ಏರಿಕೆಯಲ್ಲಿ ಶಾಲೆಗೆ ಹೋದ ಮಕ್ಕಳ ಪಾಲೂ ಇದೆ. ಅದನ್ನು ವಯಸ್ಕರ ತರಗತಿಯ ಖಾತೆಗೆ ಜಮಾ ಮಾಡಿಕೊಳ್ಳುವಂತಿಲ್ಲ.

ನಿಜವಾದ ಪರೀಕ್ಷೆ ಬೇರೆಡೆ ಇದೆ: ಆ ತರಗತಿಯಲ್ಲಿ ಏನನ್ನು ಕಲಿಕೆ ಎಂದು ಕರೆದರು? ಮಿಷನ್ ಸಾಕ್ಷರತೆಗೆ ಕೊಟ್ಟ ವ್ಯಾಖ್ಯೆ ಉದಾತ್ತವಾದದ್ದು. ತಾನು ಯಾಕೆ ವಂಚಿತನಾಗಿದ್ದೇನೆ ಎಂದು ತಿಳಿಯುವುದು, ಸಂಘಟಿತನಾಗಿ ಆ ಸ್ಥಿತಿಯಿಂದ ಮೇಲೇಳುವುದು ಕೂಡ ಅದರಲ್ಲಿ ಸೇರಿತ್ತು. ಆದರೆ ಅಳತೆಗೆ ಇಟ್ಟ ಮಾನದಂಡಗಳನ್ನು ಒಂದೊಂದಾಗಿ ಓದಬೇಕು. ಗಟ್ಟಿಯಾಗಿ ಓದುವುದು ನಿಮಿಷಕ್ಕೆ 30 ಪದ, ಮನಸ್ಸಿನಲ್ಲೇ ಓದುವುದು 35. ನೋಡಿ ಬರೆಯುವುದು ನಿಮಿಷಕ್ಕೆ 7 ಪದ, ಹೇಳಿಸಿಕೊಂಡು ಬರೆಯುವುದು 5. ಅರ್ಜಿ, ಪತ್ರ ಬರೆಯಲು ಬರಬೇಕೆಂದೂ ಪಟ್ಟಿಯಲ್ಲಿತ್ತು, ನಿಜ. ಆದರೆ ವೇಗ ಗೊತ್ತುಮಾಡಿ ಅಳೆಯಲು ಹೊರಟದ್ದು ಇನ್ನೊಬ್ಬರ ಮಾತನ್ನು ನಕಲು ಮಾಡುವ ಶಕ್ತಿಯನ್ನು. ವಂಚಿತರಾಗಿರುವುದರ ಕಾರಣ ತಿಳಿದಿದೆಯೇ ಎಂಬುದಕ್ಕೆ ಅಳತೆಗೋಲೇ ಇರಲಿಲ್ಲ. ಗುರಿ ಮುಟ್ಟಿಸುವ ಅವಸರದಲ್ಲಿರುವ ಯಾವ ಜಿಲ್ಲಾ ಸಮಿತಿಯೂ ಅಳತೆಯಿಲ್ಲದ್ದನ್ನು ಕಲಿಸುವುದಿಲ್ಲ.

ಅದೇ ಪಟ್ಟಿಯ ಲೆಕ್ಕದ ಭಾಗದಲ್ಲಿ ಒಂದು ಮಾತಿದೆ. ಕಲಿಯುವವರಿಗೆ ಪ್ರಮಾಣ ಮತ್ತು ಬಡ್ಡಿಯ ಸ್ಥೂಲ ಕಲ್ಪನೆ ಬರಬೇಕು, ಆದರೆ ಭಿನ್ನರಾಶಿ ಬೇಡ. ಇಡೀ ಆಂದೋಲನದ ದೋಷ ಈ ಒಂದು ಷರತ್ತಿನಲ್ಲಿ ಅಡಗಿದೆ ಎಂಬುದು ನನ್ನ ವಾದ.

ಭಿನ್ನರಾಶಿಯಿಲ್ಲದ ಬಡ್ಡಿ ಯಾವ ಊರಿನಲ್ಲಿದೆ? ನಮ್ಮ ಕಡೆ ಸಾಲ ಕೊಡುವವರು ನೂರಕ್ಕೆ ತಿಂಗಳಿಗೆ ಒಂದೂವರೆ, ಎರಡೂವರೆ ಎಂದೇ ಮಾತಾಡುವುದು. ಹತ್ತು ಸಾವಿರ ಸಾಲಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಎಂದು ಹೇಳಿ, ಮೊದಲೇ 1,200 ರೂಪಾಯಿ ಸೇರಿಸಿ, 11,200ನ್ನು ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 933 ರೂಪಾಯಿ ಚಿಲ್ಲರೆ. ಪ್ರತಿ ಕಂತಿಗೂ ಅಸಲು ಇಳಿಯುತ್ತಾ ಹೋಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆಯೇ ನಿಂತಿರುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21 ದಾಟುತ್ತದೆ. ಇದನ್ನು ಹಿಡಿಯಲು ಬೇಕಾದದ್ದು ಭಿನ್ನರಾಶಿಯೇ.

ಭಿನ್ನರಾಶಿ ಹಳ್ಳಿಯ ಹೆಂಗಸಿಗೆ ಕಷ್ಟವಾದೀತೆಂದು ಬಿಟ್ಟರು ಎನ್ನುವುದಾದರೆ ಅದು ಇನ್ನೂ ದೊಡ್ಡ ತಪ್ಪು. ಆಕೆ ಹುಟ್ಟಿನಿಂದ ಬಲ್ಲ ಗಣಿತವೇ ಅದು. ಕಾಲು, ಅರೆ, ಮುಕ್ಕಾಲು ಇಲ್ಲದೆ ಸೊಸೈಟಿಯ ರೇಷನ್ನೂ ಇಲ್ಲ, ಡೇರಿಗೆ ಹಾಕಿದ ಹಾಲೂ ಇಲ್ಲ, ಗದ್ದೆಯ ಪಾಲೂ ಇಲ್ಲ. ಪಹಣಿಯನ್ನೇ ನೋಡಿ. ವಿಸ್ತೀರ್ಣದ ಕಲಮಿನಲ್ಲಿ 1-20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಒಂದೂವರೆ ಎಕರೆ. ಮೂವರಿಗೆ ಭಾಗವಾದರೆ ತಲಾ ಅರ್ಧ ಎಕರೆ. ಬಾಯಲ್ಲಿ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡುವವಳಿಗೆ ಅದನ್ನು ಕಾಗದದ ಮೇಲೆ ಗುರುತಿಸುವುದನ್ನು ಕಲಿಸಬೇಕಿತ್ತು. ಪ್ರೈಮರ್ ಅವಳು ಬಲ್ಲದ್ದನ್ನು ಪಕ್ಕಕ್ಕಿಟ್ಟು ಒಂದರಿಂದ ನೂರು ಎಣಿಸಲು ಹೇಳಿತು.

ಇದರ ಪರಿಣಾಮ ಹಕ್ಕಿನ ವಿಷಯದಲ್ಲಿ ಕಣ್ಣಿಗೆ ರಾಚುತ್ತದೆ. 1994ರಲ್ಲಿ ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಕ್ಕೆ ಹಕ್ಕು ಕೊಟ್ಟಿತು. ಸಾಕ್ಷರತಾ ತರಗತಿಗಳ ಕಾಲವೂ ಅದೇ. ಆದರೂ ಅಕ್ಕತಂಗಿಯರು ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಖುಲಾಸೆ ಪತ್ರ ಬರೆದುಕೊಡುವ ರೂಢಿ ಇಂದಿಗೂ ನಿಂತಿಲ್ಲ. ಅಲ್ಲಿ ಹೆಬ್ಬೆಟ್ಟಿನ ಜಾಗಕ್ಕೆ ರುಜು ಬಂದಿದೆ, ಅಷ್ಟೆ. ಪತ್ರವನ್ನು ಓದಿ ‘ಇದಕ್ಕೆ ರುಜು ಹಾಕುವುದಿಲ್ಲ’ ಎನ್ನುವುದನ್ನು ಕಲಿಸದ ತರಗತಿಯನ್ನು ಸಬಲೀಕರಣ ಎಂದು ಕರೆಯಲಾರೆ.

ಬೇರೆ ದಾರಿ ಇತ್ತೇ? ಇತ್ತು. 1993ರಿಂದ 95ರ ನಡುವೆ ಆಕ್ಷನ್ ಏಡ್ ಸಂಸ್ಥೆ ಉಗಾಂಡ, ಬಾಂಗ್ಲಾದೇಶ, ಎಲ್ ಸಾಲ್ವಡಾರ್‌ಗಳಲ್ಲಿ ‘ರಿಫ್ಲೆಕ್ಟ್’ ಎಂಬ ಪ್ರಯೋಗ ನಡೆಸಿತು. ಉಗಾಂಡದಲ್ಲಿ ಆರಿಸಿಕೊಂಡದ್ದು ರ‍್ವೆಂಜೋರಿ ಬೆಟ್ಟಸಾಲಿನ ಬುಂಡಿಬುಗ್ಯೊ ಜಿಲ್ಲೆಯನ್ನು. ಅಲ್ಲಿ ಕಲಿಯುವವರ ಕೈಗೆ ಪ್ರೈಮರ್ ಕೊಡಲಿಲ್ಲ. ಕಲ್ಲು, ಕಡ್ಡಿ, ಬೀಜಗಳಿಂದ ನೆಲದ ಮೇಲೆ ಊರಿನ ನಕ್ಷೆ, ದುಡಿಮೆಯ ಪಂಚಾಂಗ, ಖರ್ಚುವೆಚ್ಚದ ಪಟ್ಟಿಗಳನ್ನು ಅವರೇ ಮಾಡಿದರು, ಚರ್ಚಿಸಿದರು, ಅದನ್ನು ಹಾಳೆಗೆ ಇಳಿಸಿ, ಅದರಿಂದ ಎದ್ದ ಪದಗಳನ್ನೇ ಬರೆಯಲು ಕಲಿತರು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯ ವಿಚಾರ ಇದರ ಹಿಂದಿದೆ. ಆದರೆ ಫ್ರೇರೆ ಗಿನಿ ಬಿಸಾವ್‌ನಲ್ಲಿ ಸೋತ ಕಡೆ ಇವರು ಎಚ್ಚರವಾಗಿದ್ದರು. ಅಲ್ಲಿ 1970ರ ದಶಕದಲ್ಲಿ ಜನ ಆಡದ ಪೋರ್ಚುಗೀಸಿನಲ್ಲಿ ಅಕ್ಷರ ಕಲಿಸಲು ಹೋಗಿ ಕೆಲಸ ಕೆಟ್ಟಿತ್ತು. ಬುಂಡಿಬುಗ್ಯೊದಲ್ಲಿ ಸ್ಥಳೀಯರ ನುಡಿಗಳಲ್ಲೇ ಕಲಿಕೆ ನಡೆಯಿತು.

ಇದನ್ನು ನಮ್ಮ ನೆಲಕ್ಕೆ ತಂದು ನೋಡಿ. ನಾಲೆ ನೀರಿನ ಶ್ರೀರಂಗಪಟ್ಟಣದ ಹೆಂಗಸರು ವರ್ಷದ ಪಂಚಾಂಗ ಬರೆದರೆ ನಾಟಿ, ಕಳೆ, ಕಬ್ಬಿನ ಕಟಾವು ಬರುತ್ತವೆ. ಮಳೆ ನಂಬಿದ ನಾಗಮಂಗಲದಲ್ಲಿ ರಾಗಿ ಬಿತ್ತನೆ, ಕುಂಟೆ, ಕೊಯ್ಲು, ಕೂಲಿಯಿಲ್ಲದ ತಿಂಗಳುಗಳು. ಸಾಲ ಯಾವ ತಿಂಗಳಲ್ಲಿ ಮನೆಗೆ ಬರುತ್ತದೆ ಎಂಬುದು ಎರಡೂ ಕಡೆ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಒಂದೇ ಜಿಲ್ಲೆಗೆ ಒಂದೇ ಪುಸ್ತಕ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಲ್ಲಿ ಪಂಡಿತರ ಆಕ್ಷೇಪ ಬರುತ್ತದೆ: ಕನ್ನಡವನ್ನು ಹಾಗೆ ಕಲಿಸಲಾಗದು, ಮೊದಲು ಮೂಲಾಕ್ಷರ, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ. ಮಕ್ಕಳಿಗೆ ಈ ಕ್ರಮ ಸರಿ. ದೊಡ್ಡವರಿಗೆ ಮೊದಲ ದಿನ ಬೇಕಾದ ಪದಗಳು ಯಾವುವು? ಕಬ್ಬು, ಅಕ್ಕಿ, ದುಡ್ಡು, ಬಡ್ಡಿ, ಹಕ್ಕು, ಮಂಡ್ಯ. ಎಲ್ಲದರಲ್ಲೂ ಒತ್ತಕ್ಷರವಿದೆ. ಒತ್ತನ್ನು ಕೊನೆಗೆ ಇಡುವ ಕ್ರಮ ಈ ಪದಗಳನ್ನೆಲ್ಲ ತಿಂಗಳುಗಟ್ಟಲೆ ಬಾಗಿಲ ಹೊರಗೆ ನಿಲ್ಲಿಸುತ್ತದೆ; ಅಷ್ಟರಲ್ಲಿ ಅರ್ಧ ಜನ ತರಗತಿ ಬಿಟ್ಟಿರುತ್ತಾರೆ. ‘ಬಡ್ಡಿ’ಯನ್ನು ಇಡಿಯಾಗಿ ಗುರುತಿಸಿ, ಅದರಿಂದ ಬ, ಡ, ಡ ಒತ್ತು, ಇಕಾರವನ್ನು ಬಿಡಿಸಿಕೊಳ್ಳುವ ಬುದ್ಧಿ ದೊಡ್ಡವರಿಗೆ ಇದ್ದೇ ಇದೆ.

ಇನ್ನೊಂದು ಬಗೆಯ ವಿಮರ್ಶಕರ ಜೊತೆ ನನ್ನ ಜಗಳ ದೊಡ್ಡದು. ಅಕ್ಷರವೇ ಆಳುವವರ ಸಾಧನ, ಅನಕ್ಷರಸ್ಥರೇ ನಿಜವಾದ ಜ್ಞಾನಿಗಳು ಎಂಬುದು ಅವರ ನಿಲುವು. ಮಂಟೇಸ್ವಾಮಿ, ಮಲೆ ಮಾದೇಶ್ವರ ಕಾವ್ಯಗಳನ್ನು ರಾತ್ರಿಯಿಡೀ ಹಾಡುವ ನೀಲಗಾರರನ್ನೂ ಕಂಸಾಳೆಯವರನ್ನೂ ಅವರು ಮುಂದೆ ತರುತ್ತಾರೆ. ಆ ಕಾವ್ಯಗಳ ಮುಂದೆ ನಾನೂ ತಲೆಬಾಗುತ್ತೇನೆ. ಆದರೆ ಆ ನೆನಪಿನ ಶಕ್ತಿ ತಾನಾಗಿ ಬಂದದ್ದಲ್ಲ. ಗುರು, ದೀಕ್ಷೆ, ವರ್ಷಾನುಗಟ್ಟಲೆ ಸಾಧನೆಯಿಂದ ಬಂದದ್ದು, ಬಹುಮಟ್ಟಿಗೆ ಗಂಡಸರಿಗೆ ಸಂದದ್ದು. ಅಂಥ ದೀಕ್ಷೆಯೂ ಇಲ್ಲದ, ಅಕ್ಷರವೂ ಇಲ್ಲದ ಕೂಲಿ ಹೆಣ್ಣುಮಗಳಿಗೆ ಆ ಪರಂಪರೆಯ ಹೆಸರು ಹೇಳಿ ‘ನಿನಗೆ ಓದು ಬೇಡ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ತಾಲ್ಲೂಕು ಕಚೇರಿ, ಬ್ಯಾಂಕು, ಕೋರ್ಟು ನಡೆಯುವುದು ಕಾಗದದ ಮೇಲೆ. ಬಾಯಿಮಾತಿನ ಜ್ಞಾನವನ್ನು ಕೊಂಡಾಡಿ ಕಾಗದವನ್ನು ಮೇಲಿನವರ ಕೈಯಲ್ಲೇ ಬಿಡುವ ಈ ವಾದ ಬಡವರ ಪರವಾಗಿ ಕಾಣುತ್ತದೆ, ಕೆಲಸ ಮಾತ್ರ ಉಳ್ಳವರದು ಮಾಡುತ್ತದೆ.

ಅಕ್ಷರ ಕೆಳಗಿನವರ ಆಯುಧವಾಗಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಎಂಬತ್ತರ ದಶಕದಲ್ಲಿ ರೈತಸಂಘ ಊರ ಮುಂದೆ ಫಲಕ ನಿಲ್ಲಿಸಿ, ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿಯಿಲ್ಲದೆ ಒಳಗೆ ಬರಬಾರದೆಂದು ಬರೆಯಿತು. ಪಾಂಡವಪುರದಂಥ ರೈತಸಂಘದ ನೆಲದಲ್ಲಿ ಆ ಫಲಕ ಕಲಿಸಿದ ಪಾಠ ಯಾವ ಪ್ರೈಮರಿನಲ್ಲೂ ಇರಲಿಲ್ಲ: ಅಕ್ಷರ ಸರ್ಕಾರದಿಂದ ಊರಿಗೆ ಬರುವುದಷ್ಟೇ ಅಲ್ಲ, ಊರಿನಿಂದ ಸರ್ಕಾರಕ್ಕೂ ಹೋಗುತ್ತದೆ. ಸಾಕ್ಷರತಾ ಸಮಿತಿಗಳು ಇದನ್ನು ಪಠ್ಯವಾಗಿ ಕಾಣಲಿಲ್ಲ.

ರಿಫ್ಲೆಕ್ಟ್‌ಗೂ ಮಿತಿಗಳಿವೆ. ಭಾಗವಹಿಸುವಿಕೆಯೇ ಹೊಸ ದಬ್ಬಾಳಿಕೆಯಾಗಬಹುದು ಎಂದು 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಪುಸ್ತಕ ಎಚ್ಚರಿಸಿತು. ಅರಳಿಕಟ್ಟೆಯ ಮುಂದೆ ಬರೆದ ಊರಿನ ನಕ್ಷೆಯಲ್ಲಿ ಕೊಳಾಯಿ ಎಲ್ಲಿದೆ ಎಂದು ಹೇಳುವವರು ಗೌಡರೇ ಆದರೆ ದಲಿತ ಕೇರಿ ನಕ್ಷೆಯ ಅಂಚಿಗೆ ಹೋಗುತ್ತದೆ. ಆದ್ದರಿಂದ ಕೇರಿಕೇರಿಗೂ ಬೇರೆ ಗುಂಪು ಕೂರಬೇಕು. ಇದು ತಿದ್ದಿಕೊಳ್ಳಬಹುದಾದ ದೋಷ. ಪ್ರೈಮರಿನ ದೋಷ ಅದರ ಹುಟ್ಟಿನಲ್ಲೇ ಇದೆ.

ಆ ದೋಷ ಇಂದಿಗೂ ಕಾಡುತ್ತಿದೆ. 2025ರ ಫೆಬ್ರವರಿಯಲ್ಲಿ ಕಿರುಸಾಲ ಸಂಸ್ಥೆಗಳ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಗುಂಪಿನಲ್ಲಿ ಕೂತು ವಾರವಾರವೂ ಕಂತು ಕಟ್ಟುತ್ತಿರುವವರಲ್ಲಿ ರುಜು ಬಲ್ಲವರೇ ಹೆಚ್ಚು. ಈಗ ನಡೆಯುತ್ತಿರುವ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮವೂ ಓದು, ಬರಹ, ಲೆಕ್ಕಕ್ಕೆ 150 ಅಂಕದ ಪರೀಕ್ಷೆಯಲ್ಲೇ ಮುಗಿಯುತ್ತಿದೆ. ಅದರ ಸ್ವಯಂಸೇವಕರಲ್ಲಿ ನನ್ನ ಬಿನ್ನಹ ಇಷ್ಟೇ: ಮೊದಲ ವಾರ ಪುಸ್ತಕ ತೆರೆಯಬೇಡಿ. ಕಲಿಯಲು ಬಂದವರ ಪಹಣಿ, ಸಾಲದ ಪಾಸ್‌ಬುಕ್, ಜಾಬ್ ಕಾರ್ಡ್ ಮುಂದಿಡಿ. ಒಂದೂವರೆ ರೂಪಾಯಿ ಬಡ್ಡಿಯ ಲೆಕ್ಕದಿಂದ ಪಾಠ ಶುರುಮಾಡಿ.