ಹೆಜ್ಜೆಯ ಲೆಕ್ಕ, ಸಂಬಳದ ಲೆಕ್ಕ

ನೇಮಕಾತಿ, ಹಾಜರಿ, ಪಾಳಿ, ರಜೆ, ವೇತನಗಳನ್ನು ಗಣಕದಲ್ಲಿ ಒಂದೆಡೆ ತಂದು ನಡೆಸುವ ಸಿಬ್ಬಂದಿ ನಿರ್ವಹಣಾ ತಂತ್ರಜ್ಞಾನದ ಯೋಗ್ಯತೆ ತಿಳಿಯುವುದು, ಕೆಲಸ ಮಾಡುವವನು ಮೇಲಧಿಕಾರಿಯ ಕಣ್ಣಿಗೆ ಕಾಣದಷ್ಟು ದೂರದಲ್ಲಿದ್ದಾಗ. ವಿಹಾರ ನೌಕೆಯ ಕಂಪನಿಗೆ ಆ ದೂರವೆಂದರೆ ಕಡಲು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟ ಮತ್ತು ಹನೂರಿನ ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಅರಣ್ಯ ಇಲಾಖೆಗೆ ಅದು ಕಳ್ಳಬೇಟೆ ತಡೆ ಶಿಬಿರ, ಅಂದರೆ ಕಾಡಿನ ನಡುವೆಯೇ ಉಳಿದು ಗಸ್ತು ತಿರುಗುವ ವಾಚರುಗಳ ನೆಲೆ.

2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಂತಹ ಕಾಡುಗಳಿಗಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2010ರಲ್ಲಿ ಜಾರಿಗೆ ತಂದ ಎಂ-ಸ್ಟ್ರೈಪ್ಸ್ ಎಂಬುದು ಗಸ್ತಿನ ದಾರಿಯನ್ನು ಉಪಗ್ರಹ ಸಂಕೇತದ ನೆರವಿನಿಂದ ಗುರುತಿಸಿ, ಕಂಡ ಹೆಜ್ಜೆಗುರುತು, ಲದ್ದಿ, ಉರುಳುಗಳನ್ನು ದಾಖಲಿಸುವ ವ್ಯವಸ್ಥೆ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲೂ ಅದು ದಾರಿಯನ್ನು ತನ್ನೊಳಗೆ ಉಳಿಸಿಕೊಂಡು, ಸಂಪರ್ಕ ದೊರೆತ ಮೇಲೆ ಕಚೇರಿಗೆ ರವಾನಿಸುತ್ತದೆ. ಯಾರೂ ಕಾಲಿಡದ ಮೂಲೆಗಳು ನಕ್ಷೆಯ ಮೇಲೆ ಬರಿದಾಗಿ ಕಾಣುವುದರಿಂದ ಮರುದಿನದ ಗಸ್ತನ್ನು ಎತ್ತ ತಿರುಗಿಸಬೇಕೆಂದು ವಲಯ ಅರಣ್ಯಾಧಿಕಾರಿಗೆ ತಿಳಿಯುತ್ತದೆ. ಹಳೆಯ ಗಸ್ತು ಪುಸ್ತಕಕ್ಕಿಂತ ಇದು ಖಂಡಿತ ಮೇಲು. ಆದರೆ ನಡೆದ ಕಿಲೋಮೀಟರುಗಳೇ ಗುರಿಯಾಗಿಬಿಡುವ ಅಪಾಯ ಇಂತಹ ಸಾಧನಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಇಲ್ಲಿನ ಸೋಲಿಗ ಬುಡಕಟ್ಟಿನ ವಾಚರನೊಬ್ಬ ಒಂದೇ ಕಡೆ ಗಂಟೆಗಟ್ಟಲೆ ಕುಳಿತು ಕಾಡಿನ ಸದ್ದಿಗೆ ಕಿವಿಗೊಟ್ಟರೆ, ನಕ್ಷೆಯಲ್ಲಿ ಅದು ಬರೀ ಒಂದು ಚುಕ್ಕೆ.

ಇದಕ್ಕಿಂತ ದೊಡ್ಡ ಕೊರತೆ ಬೇರೆಡೆ ಇದೆ. ರಾಜ್ಯ ಸರ್ಕಾರದ ಎಚ್‌ಆರ್‌ಎಂಎಸ್, ಅಂದರೆ ನೌಕರರ ಸೇವಾ ವಿವರ ಮತ್ತು ವೇತನ ಬಿಲ್ಲುಗಳನ್ನು ನಿರ್ವಹಿಸುವ ತಂತ್ರಾಂಶ, ಕಾಯಂ ನೌಕರರಿಗೆ ಮೀಸಲು. ಹೊರಗುತ್ತಿಗೆ ವಾಚರುಗಳಿಗೆ ಸಂಬಳ ಬರುವುದು ಗುತ್ತಿಗೆ ಸಂಸ್ಥೆಯ ಮೂಲಕ. ಹೀಗಾಗಿ ಅವರು ಇಟ್ಟ ಹೆಜ್ಜೆ ಒಂದು ಕಡತದಲ್ಲಿ, ಅವರಿಗೆ ಸಲ್ಲಬೇಕಾದ ಹಣ ಇನ್ನೊಂದರಲ್ಲಿ, ಎರಡಕ್ಕೂ ಮಾತಿಲ್ಲ. 2025ರ ಜೂನ್ 26ರಂದು, 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಸವರಿದ ಹಸುವಿನ ಕಳೇಬರ ತಿಂದು ಸತ್ತು ಬಿದ್ದಿದ್ದು ಪತ್ತೆಯಾದಾಗ, ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಳ ಸಂಬಳ ಬಾಕಿಯಿತ್ತೆಂಬುದೂ ಬಯಲಾಯಿತು. ವಿಷವಿಟ್ಟವರು ಬೇರೆ, ಅದರ ಕಾರಣವೂ ಬೇರೆ. ಸಂಬಳದ ಬಾಕಿಯಿಂದಲೇ ಹುಲಿಗಳು ಸತ್ತವೆಂದು ಹೇಳಲಾಗದು. ಆದರೂ, ಗಸ್ತು ತಪ್ಪಿದರೆ ತೋರಿಸುವ ತಂತ್ರಾಂಶವುಳ್ಳ ಇಲಾಖೆಯಲ್ಲಿ ಸಂಬಳ ತಪ್ಪಿದರೆ ಕೂಗುವ ತಂತ್ರಾಂಶ ಏಕಿಲ್ಲವೆಂಬ ಪ್ರಶ್ನೆ ಉಳಿಯುತ್ತದೆ.

ಹಡಗಿನ ಲೋಕ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದುಕೊಂಡಿದೆ. ಭಾರತವು 2015ರಲ್ಲಿ ಅಂಗೀಕರಿಸಿದ, 2006ರ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ನಾವಿಕನಿಗೆ ತಿಂಗಳಿಗೊಮ್ಮೆಯಾದರೂ ವೇತನ ಸಲ್ಲಬೇಕು. ಅವನ ವಿಶ್ರಾಂತಿಯ ಗಂಟೆಗಳ ದಾಖಲೆಗೆ ಅವನದೂ ಸಹಿ ಬೀಳಬೇಕು, ಅದರ ಪ್ರತಿ ಅವನ ಕೈ ಸೇರಬೇಕು. ಎರಡು ತಿಂಗಳು ಸಂಬಳ ಕೊಡದ ಮಾಲೀಕನು ನಾವಿಕನನ್ನು ಕೈಬಿಟ್ಟಂತೆಯೇ ಸರಿ ಎಂದು 2014ರ ತಿದ್ದುಪಡಿ ಹೇಳುತ್ತದೆ. ಹಡಗಿನ ಕೆಲಸ ಹಗುರವೆಂದಾಗಲಿ, ಅಲ್ಲಿ ಶೋಷಣೆಯಿಲ್ಲವೆಂದಾಗಲಿ ಇದರ ಅರ್ಥವಲ್ಲ. ಅಲ್ಲಿ ದಾಖಲೆ ಎರಡೂ ಕಡೆಯವರದು ಎಂಬುದಷ್ಟೇ ಇಲ್ಲಿ ಮುಖ್ಯ.

ಆ ಅಳತೆಗೋಲಿನಲ್ಲಿ ಎಂ-ಸ್ಟ್ರೈಪ್ಸ್ ಕಾಡನ್ನು ಕಾಯುವ ಒಳ್ಳೆಯ ಸಾಧನ, ಕಾಯುವವನನ್ನು ಕಾಯುವ ಸಾಧನವಲ್ಲ. ಗಸ್ತಿನ ದಾರಿ ತೋರುವ ಅದೇ ಪರದೆಯ ಮೇಲೆ ವಾಚರನಿಗೆ ತನ್ನ ಹಾಜರಿ, ರಜೆ, ಸಂಬಳ ಜಮೆಯಾದ ದಿನಾಂಕಗಳು ಕನ್ನಡದಲ್ಲಿ ಕಾಣುವಂತೆ ಮಾಡಲು ಹೊಸ ಆವಿಷ್ಕಾರವೇನೂ ಬೇಕಿಲ್ಲ. ಇಲಾಖೆಯ ಒಂದು ಆದೇಶ ಸಾಕು.