ನಕಲಿದ್ದರೆ ಸಾಲದು, ತಾಳೆ ಬೇಕು

2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನಲ್ಲಿನ ಕೋಡಿಗೆ ಯಾರೋ ಎರಡು ಸಾಲು ತೂರಿಸಿದರು. ಮೇಲ್ನೋಟಕ್ಕೆ ತಪ್ಪು ಹಿಡಿಯುವ ಮಾಮೂಲು ಪರೀಕ್ಷೆ. ಆದರೆ ಬಳಕೆದಾರನ ಸಂಖ್ಯೆ ಸೊನ್ನೆಯೇ ಎಂದು ಕೇಳಬೇಕಾದ ಜಾಗದಲ್ಲಿ ಎರಡು ಸಮಚಿಹ್ನೆಗಳ ಬದಲು ಒಂದೇ ಇತ್ತು. ಸಿ ಭಾಷೆಯಲ್ಲಿ ಎರಡಿದ್ದರೆ ಹೋಲಿಕೆ, ಒಂದಿದ್ದರೆ ‘ಸೊನ್ನೆ ಮಾಡು’ ಎಂಬ ಆಜ್ಞೆ. ಲಿನಕ್ಸಿನಲ್ಲಿ ಸೊನ್ನೆ ಎಂದರೆ ರೂಟ್, ಯಂತ್ರದ ಯಜಮಾನ. ಗುಟ್ಟು ಗೊತ್ತಿದ್ದವನಿಗೆ ಇಡೀ ಯಂತ್ರ ಕೈವಶ!

ಮಾಡಿದ್ದು ಯಾರೆಂದು ಇವತ್ತಿಗೂ ಬಯಲಾಗಿಲ್ಲ. ಕೃತ್ಯ ಮಾತ್ರ ಬೇಗನೆ ಬಯಲಾಯಿತು. ಆಗ ಕರ್ನಲ್ಲಿನ ಮೂಲ ಪ್ರತಿ ಇದ್ದದ್ದು ಬಿಟ್‌ಕೀಪರಿನಲ್ಲಿ. ಕೋಡಿನ ತಿದ್ದುಪಡಿಗಳ ದಾಖಲೆ ಇಡುವ ಆ ಖಾಸಗಿ ತಂತ್ರಾಂಶ ಒಲ್ಲದವರಿಗಾಗಿ ಸಿವಿಎಸ್‌ನಲ್ಲೊಂದು ನಕಲು ಇಟ್ಟಿದ್ದರು. ಕಳ್ಳಸಾಲು ಸೇರಿದ್ದು ಅದಕ್ಕೆ. ತಾಳೆ ನೋಡಿದರೆ ಬಿಟ್‌ಕೀಪರಿನಲ್ಲಿ ಅಂಥ ತಿದ್ದುಪಡಿಯ ದಾಖಲೆಯೇ ಇಲ್ಲ.

2005ರಲ್ಲಿ ಬಿಟ್‌ಕೀಪರಿನ ಉಚಿತ ಬಳಕೆ ನಿಂತುಹೋಯಿತು. ಲಿನಕ್ಸಿನ ಕರ್ತೃ ಲೈನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ಅದರ ಬದಲಿಗೆ ಗಿಟ್ ಬರೆಯಲು ಕೂತರು. 7ರ ಹೊತ್ತಿಗೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಗಿಟ್‌ನ ನಿಜವಾದ ಸೊಗಸು ಹೆಸರಿಡುವ ಕ್ರಮದಲ್ಲಿದೆ. ಪ್ರತಿ ಕಮಿಟ್‌ನ (ದಾಖಲಾದ ತಿದ್ದುಪಡಿಯ) ಹೆಸರು ಅದರೊಳಗಿನ ವಿವರಗಳಿಂದಲೇ, ಸಾಮಾನ್ಯವಾಗಿ ಎಸ್‌ಎಚ್‌ಎ-1 ಲೆಕ್ಕದ ಪ್ರಕಾರ ಹುಟ್ಟುವ 40 ಅಕ್ಷರ. ಹಿಂದಿನ ಕಮಿಟ್‌ನ ಹೆಸರೂ ಆ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಹಳೆಯ ಕಡತದಲ್ಲಿ ಒಂದು ಸಮಚಿಹ್ನೆ ಅಳಿಸಿದರೂ ಅಲ್ಲಿಂದ ಮುಂದಿನ ಹೆಸರುಗಳೆಲ್ಲ ಬದಲಾಗಿ, ಕ್ಲೋನ್ ಮಾಡಿಕೊಂಡವರ ಪ್ರತಿಗಳೊಂದಿಗೆ ಹೊಂದುವುದಿಲ್ಲ.

ಹೋಲಿಸಿ ನೋಡುವವರಿದ್ದರೆ ಮಾತ್ರ ಇದೆಲ್ಲ.

2013ರ ಮಾರ್ಚಿನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯ ಮುಖ್ಯ ಗಿಟ್ ಸರ್ವರಿನಲ್ಲಿ ಫೈಲ್ ಸಿಸ್ಟಂ ಕೆಟ್ಟಿತು. ಅದರ ನಕಲು ಇಡುವ ಮಿರರ್ ಸರ್ವರುಗಳು ಅದನ್ನೇ ನಂಬಿ, ಹಾಳಾದದ್ದನ್ನು ಹಾಗೆಯೇ ಇಳಿಸಿಕೊಂಡವು. ಸುಮಾರು 1,500 ರೆಪೊಗಳು (ಕೋಡ್ ಸಂಗ್ರಹಗಳು) ಕೈಬಿಟ್ಟವೆಂದೇ ಆಗಿತ್ತು. ಇನ್ನೊಂದು ಸರ್ವರಿನಲ್ಲಿ ಕೆಡದ ಪ್ರತಿ ಉಳಿದಿದ್ದು ವ್ಯವಸ್ಥೆಯ ಜಾಣತನಕ್ಕಿಂತ ಅದೃಷ್ಟ ಎನ್ನಬೇಕು.

ರೆಪೊವನ್ನು ಇನ್ನೊಂದೆಡೆ ಮಿರರ್ ಮಾಡಿ, ಬ್ಯಾಕಪ್ ಆಯಿತೆಂದು ನಿಶ್ಚಿಂತರಾಗಿರುವವರು ಅಲ್ಲೊಮ್ಮೆ, ಒಳಗಿನದು ಕೆಟ್ಟಿದೆಯೇ ಎಂದು ಪರೀಕ್ಷಿಸುವ ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿ ನೋಡಲಿ. ಮೂಲದ ಜತೆ ತಾನಾಗಿ ಬದಲಾಗದ, ದಿನಾಂಕ ಹಾಕಿದ ಪ್ರತಿಯೊಂದನ್ನು ಬೇರೆಯೇ ಇಡಲಿ.