ಶಾಸನಶೋಧನೆಯಲ್ಲಿ ಗಣಕದಾಖಲೆ: ಒಂದು ವಿಮರ್ಶೆ

1902ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಶಾಸನಗಳು ಅಚ್ಚಾಗಿವೆ. ಕಲ್ಲು ಇರುವ ಎಡೆಯನ್ನು ಅಲ್ಲಿ ಊರು, ಗುಡಿ, ದಿಕ್ಕುಗಳ ಮಾತಿನಲ್ಲಿ ಹೇಳಿದೆ. ಇಂದು ಕ್ಯೂಫೀಲ್ಡ್, ಫೇಮ್ಸ್ ಮೊದಲಾದ ತಂತ್ರಾಂಶಗಳು ಅಂತರಜಾಲದ ಸಂಪರ್ಕವಿಲ್ಲದ ಹೊಲದ ನಡುವೆಯೂ ಅಕ್ಷಾಂಶ, ರೇಖಾಂಶ, ಛಾಯಾಚಿತ್ರ, ಟಿಪ್ಪಣಿಗಳನ್ನು ಒಂದೆಡೆ ಕೂಡಿಸಿಡುತ್ತವೆ. ಈ ಉಪಕಾರ ಸಣ್ಣದಲ್ಲ. ಆದರೆ ಸ್ಥಳನಿರ್ದೇಶದ ಖಚಿತತೆಯೊಂದೇ ದಾಖಲೆಯ ಯೋಗ್ಯತೆಗೆ ಒರೆಗಲ್ಲಾಗದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನೇ ನೋಡಬಹುದು. 1889ರಲ್ಲಿ ರೈಸ್ ಅವರು ಪ್ರಕಟಿಸಿದ ಶಾಸನಗಳು 144, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಸಂಖ್ಯೆ ಬೆಳೆದಂತೆ ಕ್ರಮಾಂಕಗಳೂ ಬದಲಾದವು. ರೈಸ್ ಅವರಲ್ಲಿ 54 ಆಗಿದ್ದ ಮಲ್ಲಿಷೇಣ ಪ್ರಶಸ್ತಿಯನ್ನು ನರಸಿಂಹಾಚಾರ್ಯರು 67 ಎಂದು ಗುರುತಿಸಿ, ಹಳೆಯ ಅಂಕವನ್ನೂ ಪಕ್ಕದಲ್ಲಿ ಉಳಿಸಿದರು. ಈ ಎಚ್ಚರವೇ ನಮಗೆ ಮೇಲ್ಪಂಕ್ತಿ. ಇನ್ನು, ಚಂದ್ರಗಿರಿಯ ಮೊದಲನೆಯ ಶಾಸನದ ಪ್ರಭಾಚಂದ್ರನು ಮೌರ್ಯ ಚಂದ್ರಗುಪ್ತನೇ ಎಂದು ರೈಸ್ ಎಣಿಸಿದರು, ಫ್ಲೀಟ್ ಒಪ್ಪಲಿಲ್ಲ. ತಂತ್ರಾಂಶದ ನಮೂನೆಯಲ್ಲಿ ‘ವ್ಯಕ್ತಿ’ ಎಂಬುದಕ್ಕೆ ಒಂದೇ ಅಂಕಣವಿದ್ದರೆ ಈ ವಾದದ ಒಂದು ಪಕ್ಷ ಸದ್ದಿಲ್ಲದೆ ಅಳಿಯುತ್ತದೆ.

ನಮೂನೆಯನ್ನು ಕಟ್ಟುವವರು ನಾವೇ ಆದ್ದರಿಂದ ಈ ದೋಷಕ್ಕೆ ಯಂತ್ರವನ್ನು ದೂರುವಂತಿಲ್ಲ. ಹಳೆಯ ಕ್ರಮಾಂಕ, ಓದಿದವರ ಹೆಸರು, ಓದಿದ ವರ್ಷ, ಸಂದೇಹ, ಭಿನ್ನಮತ ಇವಕ್ಕೆ ಅಂಕಣ ತೆರೆಯದೆ ವಿದ್ಯಾರ್ಥಿಗಳನ್ನು ಕ್ಷೇತ್ರಕ್ಕೆ ಕಳುಹಿಸಬಾರದು. ಕಲ್ಲು ನಾಳೆ ಸ್ಥಳ ಬಿಟ್ಟೀತು, ಅಕ್ಷರ ಸವೆದೀತು. ಆಗ ಉಳಿಯುವುದು ನಾವು ಬರೆದಿಟ್ಟಷ್ಟೇ.